‘ಸಂಘದ ದುಡ್ಡು’ ಯಾರ ದುಡ್ಡು?

ನಮ್ಮ ಹಳ್ಳಿಗಳಲ್ಲಿ ‘ಸಂಘ’ ಎಂಬ ಮಾತಿಗೆ ಈಗ ಎರಡು ಅರ್ಥಗಳಿವೆ. ವಾರಕ್ಕೊಮ್ಮೆ ಅಂಗನವಾಡಿಯ ಮುಂದೋ ದೇವಸ್ಥಾನದ ಕಟ್ಟೆಯ ಮೇಲೋ ಕೂತು, ತಮ್ಮ ಹತ್ತಿಪ್ಪತ್ತು ರೂಪಾಯಿಗಳನ್ನು ಒಟ್ಟುಮಾಡಿ, ಈ ವಾರ ಯಾರ ಮನೆಯ ಗರಜು ದೊಡ್ಡದು ಎಂದು ಮಾತಾಡಿಕೊಂಡು ಸಾಲ ಕೊಡುವ ಹೆಂಗಸರ ಗುಂಪು ಸಂಘ. ಮೈಕ್ರೊಫೈನಾನ್ಸ್ ಕಂಪನಿಯೊಂದು ಐದಾರು ಹೆಂಗಸರನ್ನು ಕೂಡಿಸಿ, ಒಬ್ಬರಿಗೊಬ್ಬರು ಜಾಮೀನು ನಿಲ್ಲಿಸಿ, ಸಾಲ ಹಂಚಿ, ಕಂತಿನ ದಿನ ವಸೂಲಿಗೆ ಆಳು ಕಳಿಸುವ ಗುಂಪೂ ಜನರ ಬಾಯಲ್ಲಿ ಸಂಘವೇ. 2025ರ ಆರಂಭದಲ್ಲಿ, ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ರಾಜ್ಯದ ಹಲವು ಜಿಲ್ಲೆಗಳಿಂದ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ, ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಎಂದಿತು. ಆ ದಿನಗಳಲ್ಲಿ ಅನೇಕರ ಸಿಟ್ಟು ತಿರುಗಿದ್ದು ‘ಸಂಘ’ದ ಮೇಲೆ, ಹೆಂಗಸರಿಗೆ ಸಾಲದ ರುಚಿ ಹತ್ತಿಸಿದ್ದೇ ಈ ಸಂಘಗಳು ಎಂದು. ಸಿಟ್ಟಿಗೆ ಕಾರಣವಿತ್ತು. ಆದರೆ ಒಂದೇ ಹೆಸರಿನ ಕೆಳಗೆ ಎರಡು ಬೇರೆ ವಸ್ತುಗಳಿವೆ. ಇವೆರಡನ್ನು ಬಿಡಿಸಿ ನೋಡದೆ, ಬಡತನ ಕಡಿಮೆ ಮಾಡಲು ಸರ್ಕಾರ ನಡೆಸುತ್ತಿರುವ ಮಹಿಳಾ ಸ್ವಸಹಾಯ ಸಂಘಗಳ ಕಾರ್ಯಕ್ರಮ ಗೆದ್ದಿದೆಯೋ ಸೋತಿದೆಯೋ ಹೇಳಲಾಗದು. ಬಿಡಿಸಿ ನೋಡಿದರೆ ನನಗೆ ಕಾಣುವುದು ಇಷ್ಟು: ದುಡ್ಡಿನ ಮೇಲಿನ ತೀರ್ಮಾನ ಎಲ್ಲಿಯವರೆಗೆ ಸದಸ್ಯೆಯರ ಕೈಯಲ್ಲಿತ್ತೋ ಅಲ್ಲಿಯವರೆಗೆ ಸಂಘ ಬಡವರ ಕೈ ಹಿಡಿದಿದೆ. ತೀರ್ಮಾನ ಕಚೇರಿಗೋ ಬ್ಯಾಂಕಿಗೋ ದಾಟಿದ ಕಡೆಯಲ್ಲೆಲ್ಲ ಅದು ಸಾಲ ಹರಿಸುವ ಕೊಳವೆಯಾಗಿದೆ.

ಈ ಸಂಘಗಳು ಹುಟ್ಟಿದ ಬಗೆಯಲ್ಲೇ ಇದಕ್ಕೆ ಸಾಕ್ಷಿಯಿದೆ, ಮತ್ತು ಆ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 1980ರ ದಶಕದ ನಡುವಿನಲ್ಲಿ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೆಲಸ ಮಾಡುತ್ತಿದ್ದ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳು ಒಡೆದವು. ನೂರಾರು ಜನರ ಆ ಸಂಘಗಳಲ್ಲಿ ಬಡವರ ಮಾತು ನಡೆಯುತ್ತಿರಲಿಲ್ಲ. ಒಡೆದ ಮೇಲೆ, ಒಬ್ಬರನ್ನೊಬ್ಬರು ನಂಬುವವರು ಮಾತ್ರ ಸೇರಿ ಸಣ್ಣ ಗುಂಪುಗಳಾದರು. ಸಂಸ್ಥೆಗೆ ತಿರುಗಿಸಬೇಕಿದ್ದ ಸಾಲವನ್ನು ನೀವೇ ಇಟ್ಟುಕೊಂಡು ನಿಮ್ಮೊಳಗೆ ತಿರುಗಿಸಿ ಎಂದು ಆಗ ಸಂಸ್ಥೆ ಹೇಳಿತು. ಯೋಜನೆ ಬರೆದು ಹುಟ್ಟಿಸಿದ ಗುಂಪುಗಳಲ್ಲ ಇವು. ಜನ ಕಟ್ಟಿಕೊಂಡದ್ದನ್ನು ಗುರುತಿಸಿದ್ದಷ್ಟೇ ಸಂಸ್ಥೆಯ ಜಾಣತನ. ಅಲೋಶಿಯಸ್ ಫರ್ನಾಂಡಿಸ್ ಆಗ ಮೈರಾಡದ ಮುಖ್ಯಸ್ಥರು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. ನೋಂದಣಿಯಿಲ್ಲದ ಗುಂಪಿಗೂ ಖಾತೆ ತೆರೆಯಬಹುದು, ಅಡಮಾನವಿಲ್ಲದೆ ಸಾಲ ಕೊಡಬಹುದು ಎಂಬುದಕ್ಕೆ ರಿಸರ್ವ್ ಬ್ಯಾಂಕ್ ದಾರಿ ಮಾಡಿಕೊಟ್ಟಿತು. 1992ರಲ್ಲಿ ದೇಶದಾದ್ಯಂತ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಾಯೋಗಿಕ ಕಾರ್ಯಕ್ರಮ ಶುರುವಾಯಿತು.

ಅದೇ ಕಾಲದಲ್ಲಿ ಸರ್ಕಾರ ಬೇರೆ ದಾರಿಯಲ್ಲಿತ್ತು. 1980ರ ಹೊತ್ತಿಗೆ ದೇಶವನ್ನೆಲ್ಲ ವ್ಯಾಪಿಸಿದ ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಐಆರ್‌ಡಿಪಿಯಲ್ಲಿ, ಬಡವರ ಪಟ್ಟಿ ಮಾಡಿ, ಸಬ್ಸಿಡಿ ಸೇರಿಸಿ ಸಾಲ ಕೊಡಿಸಿ, ಎಮ್ಮೆಯನ್ನೋ ಎತ್ತಿನ ಗಾಡಿಯನ್ನೋ ಕೊಳ್ಳಿಸಲಾಗುತ್ತಿತ್ತು. ಯಾರಿಗೆ ಎಷ್ಟು, ಯಾವುದಕ್ಕೆ ಎಂಬುದು ಮೇಲಿನಿಂದ ಬಂದ ಗುರಿ. ಮೇವಿದೆಯೇ, ಹಾಲು ಕೊಳ್ಳುವವರಿದ್ದಾರೆಯೇ ಎಂದು ಕೇಳುವವರು ಕಡಿಮೆ. ಸಾಲದ ಬಹುಪಾಲು ತಿರುಗಿ ಬರಲಿಲ್ಲ, ‘ಬಡವರು ಸಾಲ ತೀರಿಸುವುದಿಲ್ಲ’ ಎಂಬ ಅಪವಾದ ಮಾತ್ರ ಬ್ಯಾಂಕುಗಳಲ್ಲಿ ಉಳಿಯಿತು. 1999ರಲ್ಲಿ ಅದರ ಜಾಗಕ್ಕೆ ಬಂದ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆ ಗುಂಪುಗಳನ್ನು ಒಪ್ಪಿಕೊಂಡಿತಾದರೂ ಸಬ್ಸಿಡಿ ಮತ್ತು ಗುರಿಯ ಹಳೆಯ ಚಾಳಿ ಬಿಡಲಿಲ್ಲ. ಸಬ್ಸಿಡಿಗಾಗಿ ಹುಟ್ಟಿದ ಗುಂಪುಗಳು ಸಬ್ಸಿಡಿ ಬಂದ ಮೇಲೆ ಚೆದುರಿದವು. 2009ರಲ್ಲಿ ರಾಧಾಕೃಷ್ಣ ಸಮಿತಿ ಲೆಕ್ಕ ಹಾಕಿದಾಗ, ಆ ಯೋಜನೆಯಡಿ ಕಟ್ಟಿದ 20 ಲಕ್ಷಕ್ಕೂ ಹೆಚ್ಚು ಗುಂಪುಗಳಲ್ಲಿ ಬ್ಯಾಂಕ್ ಸಾಲದ ತನಕ ತಲುಪಿದ್ದು ಸುಮಾರು ಐದರಲ್ಲಿ ಒಂದು ಪಾಲು. 2011ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ ಈ ಪಾಠ ಕಲಿತು ಬಂದದ್ದು: ಮೊದಲು ಗುಂಪು, ಆಮೇಲೆ ಸಾಲ, ಗುಂಪುಗಳ ಮೇಲೆ ಒಕ್ಕೂಟ. ನಮ್ಮಲ್ಲಿ ಅದರ ಹೆಸರು ಸಂಜೀವಿನಿ. ಅದಕ್ಕೆ ಮೊದಲೇ, 2000–01ರಿಂದ, ಅಂಗನವಾಡಿ ಕಾರ್ಯಕರ್ತೆಯರ ದುಡಿಮೆಯ ಮೇಲೆ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಎದ್ದಿದ್ದವು.

ಸಂಘದೊಳಗೆ ನಡೆಯುವುದೇನು ಎಂಬುದನ್ನು ಲೆಕ್ಕದಲ್ಲೇ ನೋಡಬೇಕು. 15 ಜನರ ಸಂಘದಲ್ಲಿ ಒಬ್ಬೊಬ್ಬರು ವಾರಕ್ಕೆ 10 ರೂಪಾಯಿ ಹಾಕಿದರೆ ವರ್ಷಕ್ಕೆ 7,800 ರೂಪಾಯಿ. ಕೇಳಲು ಸಣ್ಣ ಮೊತ್ತ. ಆದರೆ ಹಳ್ಳಿಯ ಬಡ ಮನೆಯ ಕಷ್ಟ ವರಮಾನ ಕಡಿಮೆ ಎಂಬುದಷ್ಟೇ ಅಲ್ಲ, ವರಮಾನ ಬರುವ ಹೊತ್ತು ಮತ್ತು ಖರ್ಚು ಎರಗುವ ಹೊತ್ತು ಕೂಡಿಬರುವುದಿಲ್ಲ ಎಂಬುದು. ಮುಂಗಾರಿನ ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಶಾಲೆ ಶುರುವಾಗುವುದು ಎಲ್ಲ ಒಟ್ಟಿಗೇ ಬರುತ್ತವೆ, ಫಸಲಿನ ದುಡ್ಡು ಕೈಸೇರಲು ತಿಂಗಳುಗಟ್ಟಲೆ ಇರುತ್ತದೆ. ಆ ನಡುವೆ ಮನೆಯಲ್ಲೊಬ್ಬರು ಆಸ್ಪತ್ರೆ ಸೇರಿದರೆ ಕಿವಿಯ ಓಲೆ ಗಿರವಿಗೆ ಹೋಗುತ್ತದೆ, ಇಲ್ಲವೇ ಸಾಹುಕಾರನ ಮನೆ ಬಾಗಿಲು. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಬಡ್ಡಿಯಂತೆ 5,000 ತಂದರೆ ಆರು ತಿಂಗಳಿಗೆ ಬಡ್ಡಿಯೇ 1,500. ಹತ್ತು ರೂಪಾಯಿ ಬಡ್ಡಿಯಾದರೆ 3,000. ಅದೇ 5,000 ಸಂಘದಿಂದ ಎರಡು ರೂಪಾಯಿ ಬಡ್ಡಿಗೆ ಸಿಕ್ಕರೆ ಹೆಚ್ಚೆಂದರೆ 600, ತಿಂಗಳು ತಿಂಗಳು ಅಸಲು ತೀರಿಸುತ್ತ ಬಂದರೆ ಇನ್ನೂ ಕಡಿಮೆ. ಆ 600 ಕೂಡ ಊರಾಚೆ ಹೋಗುವುದಿಲ್ಲ, ಅವಳದೂ ಪಾಲಿರುವ ನಿಧಿಗೆ ಬೀಳುತ್ತದೆ. ಬಡ್ಡಿಯ ಉಳಿತಾಯಕ್ಕಿಂತ ಬೆಲೆಯುಳ್ಳದ್ದು ಇನ್ನೊಂದಿದೆ. ಸಾಹುಕಾರನ ಸಾಲವಿದ್ದವರು ಫಸಲನ್ನು ಅವನು ಹೇಳಿದ ಬೆಲೆಗೆ ಅವನಿಗೇ ಅಳೆಯಬೇಕಾಗುತ್ತದೆ, ಅವನ ಹೊಲದ ಕೂಲಿಗೆ ಇಲ್ಲ ಎನ್ನುವ ಹಾಗಿರುವುದಿಲ್ಲ. ಆ ಹಂಗು ಕಳಚಿದ ಮನೆಗೆ ದಕ್ಕುವುದನ್ನು ಯಾವ ಕೋಷ್ಟಕದಲ್ಲೂ ಪೂರ್ತಿ ಬರೆಯಲಾಗದು.

ಅಧ್ಯಯನಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಬಿಹಾರದ ಸ್ವಸಹಾಯ ಸಂಘಗಳ ‘ಜೀವಿಕಾ’ ಕಾರ್ಯಕ್ರಮವನ್ನು 180 ಪಂಚಾಯಿತಿಗಳಲ್ಲಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ಹೋಲಿಸಿ ನೋಡಿದ ಸಂಶೋಧಕರಿಗೆ, ಎರಡು ವರ್ಷಗಳಲ್ಲೇ ದುಬಾರಿ ಬಡ್ಡಿಯ ಖಾಸಗಿ ಸಾಲ ಇಳಿದದ್ದು ಸ್ಪಷ್ಟವಾಗಿ ಕಂಡಿತು. ಪೈಪೋಟಿಗೆ ಬಿದ್ದ ಲೇವಾದೇವಿಗಾರರೂ ಬಡ್ಡಿ ತಗ್ಗಿಸಿದ್ದರು. ಭೂಮಿಯಿಲ್ಲದ ಮನೆಗಳ ಆಸ್ತಿಯಲ್ಲಿ ಒಂದಿಷ್ಟು ಸುಧಾರಣೆಯಿತ್ತು, ಮನೆಯ ಖರ್ಚುವೆಚ್ಚ ಮಾತ್ರ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಒಂಬತ್ತು ರಾಜ್ಯಗಳಲ್ಲಿ ರಾಷ್ಟ್ರೀಯ ಅಭಿಯಾನವನ್ನು ಪರಿಶೀಲಿಸಿ 2020ರಲ್ಲಿ ಹೊರಬಂದ ಮೌಲ್ಯಮಾಪನ ಇನ್ನೂ ಮುಂದೆ ಹೋಗಿ, ಆದಾಯದಲ್ಲಿ ಶೇ 19, ಉಳಿತಾಯದಲ್ಲಿ ಶೇ 28 ಹೆಚ್ಚಳ, ಖಾಸಗಿ ಸಾಲದ ಪಾಲಿನಲ್ಲಿ ಶೇ 20 ಇಳಿಕೆ ಗುರುತಿಸಿತು. ಆದಾಯದ ಬಗ್ಗೆ ಎರಡರ ಸ್ವರ ಒಂದೇ ಅಲ್ಲ. ಸಾಹುಕಾರನ ಹಿಡಿತ ಸಡಿಲವಾಗುತ್ತದೆ ಎಂಬಲ್ಲಿ ಮಾತ್ರ ಎರಡೂ ಸೇರುತ್ತವೆ, ಹಾಗಾಗಿ ಗಟ್ಟಿ ನೆಲ ಅದೇ ಎಂದು ನಾನು ಒಪ್ಪುತ್ತೇನೆ.

ಇಲ್ಲಿಗೆ ಬಂದಾಗ ಅರ್ಥಶಾಸ್ತ್ರಜ್ಞರ ಆಕ್ಷೇಪವನ್ನು ಎದುರಿಸಲೇಬೇಕು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ನಡೆಸಿದ ಅಧ್ಯಯನವೂ ಸೇರಿ, ಆರು ದೇಶಗಳ ಪ್ರಯೋಗಗಳ ಫಲಿತಾಂಶ 2015ರಲ್ಲಿ ಒಟ್ಟಿಗೆ ಪ್ರಕಟವಾಯಿತು: ಕಿರುಸಾಲದಿಂದ ಬಡ ಮನೆಗಳ ಬದುಕು ಹೇಳಿಕೊಂಡಷ್ಟು ಬದಲಾಗಿಲ್ಲ. ಈ ತೀರ್ಪನ್ನು ನಾನು ಅಲ್ಲಗಳೆಯುವುದಿಲ್ಲ. ಅಂಗಡಿ ಇಡಲು ಸಾಲ ಸಿಕ್ಕ ಮಾತ್ರಕ್ಕೆ ಊರಿನಲ್ಲಿ ಗಿರಾಕಿ ಹೆಚ್ಚುವುದಿಲ್ಲ. ಒಂದೇ ಬೀದಿಯಲ್ಲಿ ಹತ್ತು ಹೆಂಗಸರು ಹೊಲಿಗೆ ಯಂತ್ರ ಕೊಂಡರೆ ಹತ್ತೂ ಜನರ ಸಂಪಾದನೆ ಇಳಿಯುತ್ತದೆ. ಆದರೆ ಆ ಪ್ರಯೋಗಗಳು ಹೆಚ್ಚಾಗಿ ತೂಗಿ ನೋಡಿದ್ದು ಹೊರಗಿನ ಸಂಸ್ಥೆ ಕೊಟ್ಟು ಹೊರಗಿನ ಸಂಸ್ಥೆ ವಸೂಲು ಮಾಡುವ ಸಾಲವನ್ನು, ಅಂದರೆ ಎರಡನೆಯ ಅರ್ಥದ ‘ಸಂಘ’ವನ್ನು. ಅಲ್ಲಿ ಬಡ್ಡಿ ಸದಸ್ಯೆಗೆ ಹಿಂತಿರುಗುವುದಿಲ್ಲ. ಮಳೆ ಕೈಕೊಟ್ಟ ತಿಂಗಳು ಕಂತನ್ನು ಮುಂದೂಡಲು ಗುಂಪಿಗೆ ಅಧಿಕಾರವಿಲ್ಲ. ಜಾಮೀನು ನಿಂತ ನೆರೆಮನೆಯವಳೇ ವಸೂಲಿಗೆ ನಿಲ್ಲಬೇಕಾಗುತ್ತದೆ, ಹೆಂಗಸರ ನಡುವಿನ ಯಾವ ನಂಬಿಕೆಯ ಮೇಲೆ ಮೊದಲ ಸಂಘಗಳು ನಿಂತಿದ್ದವೋ ಅದೇ ಇಲ್ಲಿ ಅವರ ಕುತ್ತಿಗೆಗೆ ಹಗ್ಗವಾಗುತ್ತದೆ. 2010ರಲ್ಲಿ ಆಂಧ್ರದಲ್ಲಿ ಆತ್ಮಹತ್ಯೆಗಳ ಬೆನ್ನಲ್ಲಿ ಅಲ್ಲಿನ ಸರ್ಕಾರವೂ ಸುಗ್ರೀವಾಜ್ಞೆ ತಂದಿತ್ತು. ಹದಿನೈದು ವರ್ಷದ ಮೇಲೆ ನಮ್ಮಲ್ಲಿ ಅದೇ ನಡೆಯಿತು. 2022ರಲ್ಲಿ ರಿಸರ್ವ್ ಬ್ಯಾಂಕ್ ಈ ಕಂಪನಿಗಳ ಬಡ್ಡಿಯ ಮೇಲಿನ ಮಿತಿ ತೆಗೆಯಿತು. ಮನೆಯ ಎಲ್ಲ ಕಂತುಗಳೂ ಸೇರಿ ತಿಂಗಳ ವರಮಾನದ ಅರ್ಧ ಮೀರಬಾರದು ಎಂಬ ನಿಯಮವನ್ನೂ ಮಾಡಿತು. ಮೂರು ನಾಲ್ಕು ಕಡೆ ಸಾಲವಿರುವ ಕೂಲಿಯ ಮನೆಯಲ್ಲಿ ಆ ಅರ್ಧವನ್ನು ಅಳೆಯುವವರಾರು?

ಸರ್ಕಾರದ ಸಂಘಗಳು ಈ ರೋಗದಿಂದ ಪೂರ್ತಿ ಪಾರಾಗಿವೆ ಎನ್ನುವಂತಿಲ್ಲ, ನನ್ನ ನಿಜವಾದ ಕಳವಳ ಇರುವುದು ಅಲ್ಲಿ. 2023ರ ಮಾರ್ಚ್ ಹೊತ್ತಿಗೆ ದೇಶದಲ್ಲಿ ಬ್ಯಾಂಕಿಗೆ ಜೋಡಣೆಯಾದ ಸಂಘಗಳು ಸುಮಾರು 1.34 ಕೋಟಿ. ಅವುಗಳ ಬ್ಯಾಂಕ್ ಉಳಿತಾಯ 58 ಸಾವಿರ ಕೋಟಿ ರೂಪಾಯಿ ದಾಟಿತ್ತು, ತೀರಿಸಬೇಕಿದ್ದ ಸಾಲ 1.88 ಲಕ್ಷ ಕೋಟಿಯ ಆಸುಪಾಸು. ವಸೂಲಾಗದೆ ನಿಂತದ್ದು ನೂರಕ್ಕೆ ಮೂರಕ್ಕಿಂತ ಕಡಿಮೆ. ಬಡವರು ಸಾಲ ತೀರಿಸುವುದಿಲ್ಲ ಎಂಬ ಹಳೆಯ ಅಪವಾದವನ್ನು ಈ ಹೆಂಗಸರು ತೊಳೆದುಹಾಕಿದರು, ಅದಕ್ಕೆ ಗೌರವ ಸಲ್ಲಲೇಬೇಕು. ಆದರೂ ಸಾಲ ಉಳಿತಾಯದ ಮೂರು ಪಟ್ಟು ಆಗಿರುವುದನ್ನು ಕಣ್ಣಿಟ್ಟು ನೋಡಬೇಕು. ಬ್ಯಾಂಕ್ ಸಾಲ ಬೇಡ ಎಂದಲ್ಲ. ಎರಡು ಎಮ್ಮೆಗೋ ಕೊಳವೆಬಾವಿಯ ಪಂಪಿಗೋ ವಾರದ ಹತ್ತು ರೂಪಾಯಿ ಸಾಲದು. ಆದರೆ ಬ್ಯಾಂಕಿನ ಮೂರು ಲಕ್ಷ ಬಂದ ದಿನ ಸಮನಾಗಿ ಭಾಗ ಮಾಡಿ ಹಂಚಿಕೊಂಡು, ಆಮೇಲೆ ಕಂತು ಕಟ್ಟಲಷ್ಟೇ ಸೇರುವ ಸಂಘದಲ್ಲಿ, ಯಾರ ಗರಜು ದೊಡ್ಡದು ಎಂಬ ಮಾತು ನಿಂತುಹೋಗುತ್ತದೆ. ಸಂಘದ ಪಂಚಸೂತ್ರಗಳು ಎಲ್ಲರಿಗೂ ಬಾಯಿಪಾಠ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ. ಇವುಗಳಲ್ಲಿ ಮೊದಲು ಸಾಯುವುದು ಆಂತರಿಕ ಸಾಲ, ಏಕೆಂದರೆ ಮೇಲಿನವರು ಯಾರೂ ಅದರ ವರದಿಯನ್ನು ಗಟ್ಟಿಯಾಗಿ ಕೇಳುವುದಿಲ್ಲ. ಅವರು ಕೇಳುವುದು ಎಷ್ಟು ಸಂಘಕ್ಕೆ ಎಷ್ಟು ಕೋಟಿ ಎಂದು. 2023ರಲ್ಲಿ ಘೋಷಣೆಯಾದ ‘ಲಖ್‌ಪತಿ ದೀದಿ’ಯ ಗುರಿ 2 ಕೋಟಿ ಹೆಂಗಸರಿದ್ದದ್ದು ಮರುವರ್ಷವೇ 3 ಕೋಟಿಯಾಯಿತು. ವರ್ಷಕ್ಕೆ ಲಕ್ಷ ರೂಪಾಯಿ ಸಂಪಾದನೆ ಒಳ್ಳೆಯ ಆಸೆ. ಅದು ಎಣಿಕೆಯ ಗುರಿಯಾದಾಗ ಐಆರ್‌ಡಿಪಿಯ ನೆನಪು ಬರುತ್ತದೆ.

ದುಡ್ಡು ಹೆಂಗಸಿನ ಹೆಸರಲ್ಲಿ, ಖರ್ಚು ಗಂಡಸಿನ ಕೈಯಲ್ಲಿ ಎಂಬ ಆಕ್ಷೇಪವೂ ಹಳೆಯದೇ. ಬಾಂಗ್ಲಾದೇಶದಲ್ಲಿ ಆನ್ ಮೇರಿ ಗೋಟ್ಜ್ ಮತ್ತು ರೀನಾ ಸೇನ್‌ಗುಪ್ತ 1996ರಲ್ಲೇ ಇದನ್ನು ತೋರಿಸಿದ್ದರು. ನಮ್ಮಲ್ಲೂ ಇದು ಸುಳ್ಳಲ್ಲ. ಆದರೆ ಸಂಘದಲ್ಲಿ ಸಾಲ ಕೇಳುವವಳು ಹದಿನಾಲ್ಕು ಜನರ ಮುಂದೆ ಕಾರಣ ಹೇಳಬೇಕು, ಅದು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ. ಮನೆಯಲ್ಲಿ ಗಂಡನಿಗೆ ಇಲ್ಲ ಎನ್ನಲಾಗದವಳಿಗೆ ‘ಸಂಘದವರು ಒಪ್ಪಲಿಲ್ಲ’ ಎಂಬ ಮಾತು ಒಂದು ಆಸರೆ. ಹೀಗೆ ಕೂತು ಮಾತಾಡುವ ರೂಢಿ ಹಣದಾಚೆಗೂ ದಾರಿ ಮಾಡುತ್ತದೆ. 1998ರಲ್ಲಿ ಹುಟ್ಟಿದ ಕೇರಳದ ಮಹಿಳಾ ಸಂಘಗಳ ಜಾಲ ಕುಟುಂಬಶ್ರೀ ಪಂಚಾಯಿತಿಗಳ ಜೊತೆ ಹೆಗಲುಕೊಟ್ಟು ಬೆಳೆದದ್ದು ಆ ದಾರಿಯಲ್ಲೇ. ನಮ್ಮ ಗ್ರಾಮ ಪಂಚಾಯಿತಿಗಳ ಕಸದ ವಾಹನ ‘ಸ್ವಚ್ಛವಾಹಿನಿ’ಯನ್ನು ಸಂಜೀವಿನಿ ಒಕ್ಕೂಟದ ಹೆಂಗಸರು ನಡೆಸುತ್ತಿರುವುದೂ ಅದರ ಒಂದು ಕವಲು.

ತೀರಾ ಬಡವರು ಸಂಘದ ಹೊರಗೇ ಉಳಿಯುತ್ತಾರೆ ಎಂಬ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ, ಅದು ನಿಜ. ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ವರ್ಷದ ಅರ್ಧ ಗುಳೆ ಹೋಗುವ ಹೆಣ್ಣುಮಕ್ಕಳು ವಾರದ ಸಭೆಗೆ ಎಲ್ಲಿಂದ ಬರಬೇಕು? ಕಂತು ತಪ್ಪೀತು ಎಂದು ಹೆದರಿ ಸದಸ್ಯೆಯರೇ ಅವರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ. ಇವರಿಗೆ ಮೊದಲು ಬೇಕಾದದ್ದು ಸಾಲವಲ್ಲ. 2018ರಲ್ಲಿ ಬಿಹಾರ ಶುರುಮಾಡಿದ ಸತತ ಜೀವಿಕೋಪಾರ್ಜನ ಯೋಜನೆ ಇಂಥ ಮನೆಗಳನ್ನು ಸಂಘಗಳ ಮೂಲಕವೇ ಹುಡುಕಿ, ತಿರುಗಿ ಕೇಳದ ಬಂಡವಾಳ ಕೊಟ್ಟು, ಕೈ ಊರಿ ನಿಲ್ಲುವ ತನಕ ಜೊತೆಗಿರುವ ದಾರಿ ಹಿಡಿಯಿತು. ಕರ್ನಾಟಕಕ್ಕೆ ಇದು ಬೇಡವೆನ್ನಲು ಕಾರಣ ಕಾಣುವುದಿಲ್ಲ. 2023ರ ಆಗಸ್ಟಿನಿಂದ ನಮ್ಮಲ್ಲಿರುವ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಅದಕ್ಕೆ ಒಳ್ಳೆಯ ಅಡಿಪಾಯವಾದೀತು. ಈ ಹಣ ಬರುವಾಗ ಸಂಘ ಯಾಕೆ ಎನ್ನುವವರಿದ್ದಾರೆ. ತಿಂಗಳ ಎರಡು ಸಾವಿರದಿಂದ ರೇಷನ್ನು, ಔಷಧಿ ನಡೆಯುತ್ತದೆ. ಆಸ್ಪತ್ರೆಯವರು ಇಂದೇ ಹದಿನೈದು ಸಾವಿರ ಕಟ್ಟಿ ಎಂದಾಗ ನಡೆಯುವುದಿಲ್ಲ. ಬಿಡಿ ದುಡ್ಡನ್ನು ಹೊತ್ತಿಗಾಗುವ ಇಡಿಗಂಟು ಮಾಡುವುದು ಸಂಘದ ಕೆಲಸ.

ಹಾಗಾಗಿ ಸರ್ಕಾರವನ್ನು ಕೇಳಬೇಕಾದದ್ದು ಇನ್ನಷ್ಟು ಕೋಟಿಗಳನ್ನಲ್ಲ. ಕಳೆದ ವರ್ಷ ಎಷ್ಟು ಸದಸ್ಯೆಯರು ಸಂಘದ ಸ್ವಂತ ನಿಧಿಯಿಂದ ಸಣ್ಣ ಸಾಲ ಎತ್ತಿದರು, ಕೇಳಿದ ಎಷ್ಟು ದಿನಕ್ಕೆ ಅದು ಸಿಕ್ಕಿತು, ಎಷ್ಟು ಮನೆಗಳು ಸಾಹುಕಾರನ ಮತ್ತು ಕಂಪನಿಯ ಸಾಲದಿಂದ ಹೊರಬಂದವು ಎಂಬುದನ್ನು ಅದು ತನ್ನ ವಾರ್ಷಿಕ ವರದಿಯ ಮೊದಲ ಪುಟದಲ್ಲಿ ಅಚ್ಚು ಹಾಕಲಿ. ಹೊರಗಿನ ಸಾಲದ ಲೆಕ್ಕವನ್ನು ಮನೆಮನೆಗೆ ಹೋಗಿ ಕೇಳಬೇಕಾದೀತು. ಉಳಿದೆರಡಕ್ಕೆ ಹೊಸ ಸಮೀಕ್ಷೆಯೇ ಬೇಕಿಲ್ಲ. ಒಕ್ಕೂಟದ ಪುಸ್ತಕ ಬರಹಗಾರ್ತಿ ಚೀಲದಲ್ಲಿ ಹಾಕಿಕೊಂಡು ಸಂಘದಿಂದ ಸಂಘಕ್ಕೆ ಓಡಾಡುವ ಲೆಡ್ಜರಿನಲ್ಲಿ, ತಾರೀಕು ಸಮೇತ, ಆ ಅಂಕಿಗಳು ಆಗಲೇ ಇವೆ.