ಮೊದಲ ಮಳೆಯ ನೀರು ಎಲ್ಲಿಗೆ ಹೋಗ್ತದೆ?

ಮೇ ಕೊನೆಗೋ ಜೂನ್ ಮೊದಲ ವಾರಕ್ಕೋ ಮಳೆ ಹಿಡಿಯುವಾಗ ನಾವೆಲ್ಲ ಆಕಾಶ ನೋಡ್ತೇವೆ. ಒಮ್ಮೆ ನೆಲವನ್ನೂ ನೋಡಬೇಕು. ಬೇಸಿಗೆ ಪೂರ್ತಿ ರಸ್ತೆಗೆ ಬಿದ್ದ ವಾಹನಗಳ ಎಣ್ಣೆ, ಪೇಟೆಯ ಕಸ, ಕೋಳಿ ಅಂಗಡಿ ತೊಳೆದ ನೀರು, ಮಣ್ಣು, ಪ್ಲಾಸ್ಟಿಕ್ ಎಲ್ಲವನ್ನೂ ಮೊದಲ ಮಳೆ ಒಟ್ಟಿಗೆ ಎತ್ತಿಕೊಂಡು ಹೋಗ್ತದೆ. ಚರಂಡಿಯಿಂದ ಮೋರಿಗೆ, ಮೋರಿಯಿಂದ ತೋಡಿಗೆ, ತೋಡಿನಿಂದ ಹೊಳೆಗೆ.

ಚರಂಡಿ ನೀರನ್ನು ಸರ್ಕಾರ ಎಲ್ಲೋ ಶುದ್ಧ ಮಾಡಿ ಬಿಡ್ತದೆ ಅಂತ ಹಲವರು ನಂಬಿದ್ದಾರೆ. ಹಾಗಿಲ್ಲ. ಒಳಚರಂಡಿ ಬೇರೆ, ಮಳೆ ನೀರಿನ ಚರಂಡಿ ಬೇರೆ. ಮಳೆ ನೀರಿನ ಚರಂಡಿಗೆ ಸೋಸುವ ವ್ಯವಸ್ಥೆಯೇ ಇರುವುದಿಲ್ಲ. ಅದಕ್ಕೆ ಹಾಕಿದ್ದು ನೇರ ಹೊಳೆಗೆ ಹಾಕಿದ ಹಾಗೆ.

ನೇತ್ರಾವತಿಯನ್ನೇ ನೋಡಿ. ಉಪ್ಪಿನಂಗಡಿಯಲ್ಲಿ ಕುಮಾರಧಾರ ಸೇರಿ, ಪಾಣೆಮಂಗಳೂರು, ಬಿ.ಸಿ.ರೋಡ್ ದಾಟಿ ತುಂಬೆಯ ಕಿಂಡಿ ಅಣೆಕಟ್ಟಿಗೆ ಬರ್ತದೆ. ಮಂಗಳೂರು ನಗರ ಕುಡಿಯುವುದು ಅಲ್ಲಿಯ ನೀರು. ಮೇಲಿನ ಊರಿನವರ ಚರಂಡಿ, ಕೆಳಗಿನ ಊರಿನವರ ಕೊಡ. ಅಣೆಕಟ್ಟಿನ ಕೆಳಗೆ ಫರಂಗಿಪೇಟೆ, ಅಡ್ಯಾರ್, ಕಣ್ಣೂರು, ಕೊನೆಗೆ ಉಳ್ಳಾಲ, ಬೆಂಗ್ರೆ. ಅಲ್ಲಿ ಹೊಳೆಯ ಮೀನನ್ನು ನಂಬಿ ಬದುಕುವ ಮನೆಗಳಿವೆ. ನೀರಿಗೆ ಕ್ಲೋರಿನ್ ಹಾಕಿದರೆ ರೋಗಾಣು ಸಾಯ್ತದೆ. ಆದರೆ ಎಂಜಿನ್ ಎಣ್ಣೆಯಾಗಲಿ, ಅಡಿಕೆಗೆ ಬಿಟ್ಟ ಮೈಲುತುತ್ತಿನ ತಾಮ್ರವಾಗಲಿ ಅದರಿಂದ ಹೋಗುವುದಿಲ್ಲ.

ಮಳೆ ಸಿಟ್ಟಾದರೆ ಏನಾಗ್ತದೆ ಅಂತ 2019ರ ಆಗಸ್ಟ್‌ನಲ್ಲಿ ಕಂಡಿದ್ದೇವೆ. ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತು. ಕುಟುಂಬಗಳು ಮನೆ ಬಿಟ್ಟು ಹೋಗಬೇಕಾಯ್ತು. ಕಸದ ಕೊಳಕು ನೀರು ಫಲ್ಗುಣಿ ಹೊಳೆಯ ಕಡೆಗೂ ಹರಿಯಿತು. ಅದು ದೊಡ್ಡದು, ಎಲ್ಲರಿಗೂ ಕಂಡಿತು. ಸಣ್ಣದು ಪ್ರತಿ ಮಳೆಗಾಲ ಪ್ರತಿ ತೋಡಿನಲ್ಲೂ ಆಗ್ತಾ ಉಂಟು, ಅದು ಯಾರಿಗೂ ಕಾಣುವುದಿಲ್ಲ.

ಇದು ಹೆಚ್ಚಾಗಲು ಕಾರಣ ನಮ್ಮ ಅಂಗಳದಲ್ಲೇ ಉಂಟು. ಮೊದಲು ಅಂಗಳ ಮಣ್ಣಿನದಿತ್ತು, ನೀರು ಅಲ್ಲೇ ಇಂಗುತ್ತಿತ್ತು. ಈಗ ಗೇಟಿನವರೆಗೆ ಇಂಟರ್‌ಲಾಕ್ ಹಾಕಿ, ನೀರನ್ನೆಲ್ಲ ರಸ್ತೆಗೆ ಬಿಡ್ತೇವೆ. ಗುಡ್ಡ ತರಿದು ಸೈಟ್ ಮಾಡಿದರೆ ಕೆಂಪು ಮಣ್ಣು ತೋಡಿಗೆ ಇಳಿದು ಹೂಳು ತುಂಬ್ತದೆ. ತೋಡು ತುಂಬಿದರೆ ನೆರೆ ಬರುವುದು ನಮ್ಮ ಮನೆಗೇ.

ಪಂಚಾಯತ್ ಏನು ಮಾಡ್ತಾ ಉಂಟು ಅಂತ ಕೇಳುವುದು ಸುಲಭ. ಕೇಳಲೇಬೇಕು, ಚರಂಡಿಯ ನಿರ್ವಹಣೆ ಅವರ ಕೆಲಸ. ಆದರೆ ಸಿಬ್ಬಂದಿ ನಾಲ್ಕೈದು ಜನ, ಚರಂಡಿ ಊರಿಡೀ. ಎಲ್ಲಿ ಯಾವ ಪೈಪು ಸೇರಿದೆ ಅಂತ ಅವರಿಗಿಂತ ಆ ಓಣಿಯವರಿಗೇ ಚೆನ್ನಾಗಿ ಗೊತ್ತು. ಅದಕ್ಕೆ ನಾವು ಮಾಡಬಹುದಾದ ಕೆಲಸ ಕೆಲವು ಉಂಟು.

ಮಳೆಗೆ ಮೊದಲು ಊರಿನ ಯುವಕರು ತೋಡಿನುದ್ದಕ್ಕೂ ಒಮ್ಮೆ ನಡೆದು ಹೋಗಲಿ. ಎಲ್ಲಿ ಹೂಳು, ಎಲ್ಲಿ ಕಸ, ಎಲ್ಲಿ ಪಿಟ್ಟಿನ ಪೈಪು ಅಂತ ಒಂದು ಹಾಳೆಯಲ್ಲಿ ನಕ್ಷೆ ಬರೆದು, ಫೋಟೋ ಸಹಿತ ಪಿಡಿಒ ಅವರಿಗೆ ಕೊಡಲಿ. ಎತ್ತಿದ ಹೂಳನ್ನು ಚರಂಡಿ ಬದಿಯಲ್ಲೇ ಬಿಟ್ಟರೆ ಮರುದಿನದ ಮಳೆಗೆ ಅದು ಪುನಃ ಒಳಗೆ. ಅದೇ ದಿನ ಸಾಗಿಸಬೇಕು ಅಂತ ಒತ್ತಾಯಿಸಬೇಕು. ಗ್ಯಾರೇಜಿನವರು ಹಳೆ ಎಣ್ಣೆಯನ್ನು ಡಬ್ಬದಲ್ಲಿ ಕೂಡಿಟ್ಟು ಅದನ್ನು ಕೊಳ್ಳುವವರಿಗೇ ಕೊಡಲಿ. ಸೈಟ್ ಮಾಡುವವರು ಮಣ್ಣಿಗೆ ತಡೆ ಕಟ್ಟಲಿ. ಮನೆಗಳಲ್ಲಿ ಇಂಗುಗುಂಡಿ ಆಗಲಿ, ಕೆಳಗೆ ಬಾವಿಯೂ ತುಂಬ್ತದೆ. ತೋಟದವರು ಮಳೆಯ ಮೋಡ ಕಟ್ಟಿರುವಾಗ ಮದ್ದು ಬಿಡದಿದ್ದರೆ ಮದ್ದೂ ಉಳೀತು, ತೋಡೂ ಉಳೀತು.

ಕೆಲವು ವರ್ಷಗಳಿಂದ ಬಕ್ರೀದ್ ಮಳೆಗಾಲದ ಆಸುಪಾಸಿನಲ್ಲೇ ಬರ್ತಾ ಉಂಟು. ಉಳುಹಿಯ್ಯತ್ತಿನ ತ್ಯಾಜ್ಯವನ್ನು ಬಾವಿ, ತೋಡಿನಿಂದ ದೂರ ಆಳವಾದ ಗುಂಡಿಯಲ್ಲಿ ಹೂಳುವ ಏರ್ಪಾಡು ಜಮಾಅತ್ ಕಮಿಟಿಯೇ ಮೊದಲೇ ಮಾಡಿದರೆ ಪಂಚಾಯತ್‌ಗೆ ಅರ್ಧ ಭಾರ ಕಡಿಮೆ.

ಮದ್ರಸದಲ್ಲಿ ಮಕ್ಕಳಿಗೆ ಫಿಕ್‌ಹ್‌ನಲ್ಲಿ ಮೊದಲು ಕಲಿಸುವುದೇ ನೀರಿನ ಪಾಠ. ನಜಸ್ ಬಿದ್ದು ಬಣ್ಣ, ರುಚಿ, ವಾಸನೆ ಬದಲಾದರೆ ಎಷ್ಟೇ ನೀರಿದ್ದರೂ ವುಳೂಗೆ ಆಗದು ಅಂತ ಏಳೆಂಟು ವರ್ಷದ ಮಗುವಿಗೂ ಗೊತ್ತು. ಹೌಳ್‌ನ ನೀರಿಗೆ ಇಷ್ಟು ಎಚ್ಚರ ಇರುವ ನಮಗೆ ಪಕ್ಕದ ತೋಡಿನ ನೀರು ಯಾಕೆ ಕಾಣುವುದಿಲ್ಲ?

ಕಷ್ಟದ ಮಾತು ಒಂದು ಉಂಟು. ನಕ್ಷೆ ಮಾಡಿದಾಗ ಸಿಗುವ ಪೈಪು ಹೊರಗಿನವರದ್ದೇ ಆಗಿರುವುದಿಲ್ಲ. ನಮ್ಮ ಜಮಾಅತಿನವರದ್ದು, ನೆಂಟರದ್ದು, ಒಂದೇ ಸಫ್‌ನಲ್ಲಿ ನಿಲ್ಲುವವರದ್ದು ಆಗಿರ್ತದೆ. ದೂರು ಕೊಟ್ಟರೆ ಮುಖ ಕೆಡ್ತದೆ ಅಂತ ಎಲ್ಲರೂ ಸುಮ್ಮನಾಗ್ತಾರೆ. ಮೊದಲು ಮನೆಗೆ ಹೋಗಿ ಕೂತು ಹೇಳಬೇಕು. ಬಡವರಾದರೆ ಪಿಟ್ಟು ಸರಿಮಾಡಲು ಕೈ ಜೋಡಿಸಬೇಕು. ಆಮೇಲೂ ಆಗದಿದ್ದರೆ ಪಂಚಾಯತ್‌ಗೆ ಹೇಳುವುದು ದ್ರೋಹ ಅಲ್ಲ. ಹೊಳೆಗೆ ಕೊಳಕು ಬಿಡುವುದು 1974ರ ಜಲ ಕಾಯ್ದೆ ಪ್ರಕಾರ ನಿಷಿದ್ಧವೂ ಹೌದು.

ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ಆಗಲೇಬೇಕು. ನಮ್ಮವರು ಅಲ್ಲಿಗೆ ಹೋಗುವುದು ಹೆಚ್ಚಾಗಿ ಮನೆ, ರೇಷನ್ ಕಾರ್ಡಿನ ವಿಷಯಕ್ಕೆ. ಈ ಸಲ ತೋಡಿನ ವಿಷಯವನ್ನೂ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ. ಬರೆಸದ ಮಾತಿಗೆ ಅನುದಾನ ಬರುವುದಿಲ್ಲ. ಹೆಂಗಸರೂ ಹೋಗಬೇಕು. ಬಾವಿಯ ನೀರು ವಾಸನೆ ಬಂದಾಗ ಮೊದಲು ಗೊತ್ತಾಗುವುದು ಅವರಿಗೇ ಅಲ್ವಾ?