ಕೌಂಟ್ ಏರುವ ತನಕ

ರಕ್ತಕ್ಯಾನ್ಸರ್ ವಾರ್ಡಿಗೆ ಬೆಳಗಿನ ಕಾಫಿಗಿಂತ ಮೊದಲು ಬರುವವರು ರಕ್ತ ತೆಗೆಯುವ ಸಿಸ್ಟರ್. ನೇರಳೆ ಮುಚ್ಚಳದ ಪುಟ್ಟ ಟ್ಯೂಬುಗಳಲ್ಲಿ ಒಂದೊಂದು ಹಾಸಿಗೆಯಿಂದಲೂ ಎರಡು-ಮೂರು ಎಂ.ಎಲ್. ರಕ್ತ ಲ್ಯಾಬಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ವಾರ್ಡಿನಲ್ಲಿ ಕೇಳಿಸುವುದು ಒಂದೇ ಪ್ರಶ್ನೆ: ‘ಸಿಸ್ಟರ್, ಕೌಂಟ್ ಬಂತಾ?’ ಅಕ್ಷರ ಬಾರದ ಅಜ್ಜಿಯೂ ಇಲ್ಲಿ ಕೆಲವೇ ದಿನಗಳಲ್ಲಿ ಮೊಮ್ಮಗನ ಪ್ಲೇಟ್‌ಲೆಟ್ ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಾಯಿತು ಎಂದು ಬಾಯಿಪಾಠ ಒಪ್ಪಿಸುತ್ತಾಳೆ. ಆರೋಗ್ಯವಂತರಲ್ಲಿ ಪ್ಲೇಟ್‌ಲೆಟ್ ಒಂದೂವರೆಯಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತದೆ. ಈ ವಾರ್ಡಿನಲ್ಲಿ ಅದು 8,000ಕ್ಕೆ ಇಳಿದಿರುವುದೂ ಉಂಟು. ಹಾಗೆ ಇಳಿದಾಗ ಹಲ್ಲುಜ್ಜಿದರೂ ಒಸಡಿನಿಂದ ರಕ್ತ ಬರುತ್ತದೆ.

ಬೆಂಗಳೂರಿನಲ್ಲಿ ನಿಮ್ಹಾನ್ಸ್ ಪಕ್ಕದಲ್ಲೇ ಇರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರು ಕರ್ನಾಟಕದ ಹಳ್ಳಿಹಳ್ಳಿಗೂ ಗೊತ್ತು. 1973ರಲ್ಲಿ ಶುರುವಾಗಿ 1980ರಲ್ಲಿ ಸ್ವಾಯತ್ತವಾದ ಈ ಸರ್ಕಾರಿ ಆಸ್ಪತ್ರೆಗೆ ರಾಯಚೂರಿನಿಂದಲೂ ಚಾಮರಾಜನಗರದಿಂದಲೂ ಜನ ಬರುತ್ತಾರೆ. ಗಡಿಯಾಚೆಯ ಆಂಧ್ರ, ತಮಿಳುನಾಡುಗಳಿಂದಲೂ ಬರುತ್ತಾರೆ. ಇಂಥ ದೊಡ್ಡ ಆಸ್ಪತ್ರೆಗಳಲ್ಲಿ ರಕ್ತದ ಕಾಯಿಲೆಗಳನ್ನು ನೋಡಿಕೊಳ್ಳುವ ವಿಭಾಗದ ಕೆಲಸವೇ ಬೇರೆ ಬಗೆಯದು. ಹೊರಗಿನವರಿಗೆ ಕಾಣುವುದು ಡಾಕ್ಟರು ಮತ್ತು ಕೀಮೋ ಬಾಟಲಿ ಮಾತ್ರ. ಒಳಗೆ ಹತ್ತಾರು ಕೈಗಳು ದುಡಿಯುತ್ತಿರುತ್ತವೆ. ನಾನು ಈ ಲೇಖನ ಬರೆಯುತ್ತಿರುವುದು ಆ ಕೈಗಳ ಸಲುವಾಗಿ.

ರಕ್ತ ಹುಟ್ಟುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ಅಲ್ಲಿ ಒಂದು ಬಗೆಯ ಕಣ ಹದ್ದುಮೀರಿ ಬೆಳೆದರೆ ಲ್ಯುಕೇಮಿಯಾ. ಮಜ್ಜೆಯೇ ಬರಿದಾದರೆ ಏಪ್ಲಾಸ್ಟಿಕ್ ಅನೀಮಿಯಾ. ಕೆಂಪು ಕಣ ಹುಟ್ಟುವಾಗಲೇ ಸೊರಗಿದ್ದರೆ ಥಲಸ್ಸೇಮಿಯಾ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನೊಂದು ಹುಟ್ಟಿನಿಂದಲೇ ಕೊರತೆಯಾಗಿದ್ದರೆ ಹಿಮೋಫಿಲಿಯಾ. ಇವುಗಳಲ್ಲಿ ಕ್ಯಾನ್ಸರ್ ಎನಿಸುವುದು ಕೆಲವು ಮಾತ್ರ, ಆದರೂ ಎಲ್ಲವನ್ನೂ ನೋಡುವ ಪರಿಣತಿ ಒಂದೇ. ಹಿಮೋಫಿಲಿಯಾದ ಮಾತು ಬಂದರೆ ದಾವಣಗೆರೆಯನ್ನು ನೆನೆಯದೆ ಇರಲಾಗದು. ಸ್ವತಃ ಹಿಮೋಫಿಲಿಯಾ ಇರುವ ಡಾ. ಸುರೇಶ್ ಹನಗವಾಡಿಯವರು ಅಲ್ಲಿ ಕಟ್ಟಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ, ಮಹಾನಗರಕ್ಕೆ ಓಡಲಾಗದ ಎಷ್ಟೋ ಕುಟುಂಬಗಳಿಗೆ ಆಸರೆಯಾಗಿದೆ.

ತೀವ್ರ ರಕ್ತಕ್ಯಾನ್ಸರಿನ ಚಿಕಿತ್ಸೆಯಲ್ಲಿ ಒಂದು ಕಠಿಣ ಸತ್ಯವಿದೆ. ಕೀಮೋ ಔಷಧಕ್ಕೆ ಕೆಟ್ಟ ಕಣ, ಒಳ್ಳೆಯ ಕಣ ಎಂಬ ಭೇದ ಅಷ್ಟಾಗಿ ತಿಳಿಯದು. ಅದು ಇಡೀ ಮಜ್ಜೆಯನ್ನೇ ನೆಲಕಚ್ಚಿಸುತ್ತದೆ. ಒಂದು ವಾರದ ಔಷಧ ಮುಗಿದ ಮೇಲೆ ಎರಡು-ಮೂರು ವಾರ ರೋಗಿಯ ಮೈಯಲ್ಲಿ ಸೋಂಕಿನೊಡನೆ ಹೋರಾಡುವ ಬಿಳಿ ಕಣಗಳು ಇಲ್ಲವೆಂಬಷ್ಟು ಕಡಿಮೆ. ಪ್ಲೇಟ್‌ಲೆಟ್ ಇಲ್ಲ, ಹಿಮೋಗ್ಲೋಬಿನ್ ಇಲ್ಲ. ಕ್ಯಾನ್ಸರನ್ನು ಕೊಲ್ಲುವುದು ಔಷಧ, ನಿಜ. ಆದರೆ ಆ ಖಾಲಿ ದಿನಗಳನ್ನು ದಾಟಿಸಿ, ಹೊಸ ಕಣ ಹುಟ್ಟುವ ತನಕ ಮನುಷ್ಯನನ್ನು ಉಳಿಸಿಕೊಳ್ಳುವುದು ಈ ವಿಭಾಗದ ಜನ. ಈ ಕಸುಬಿನ ತಿರುಳೇ ಈ ದಾಟಿಸುವಿಕೆ ಎಂದು ನಾನು ನಂಬಿದ್ದೇನೆ.

ಜ್ವರದ ವಿಷಯವನ್ನೇ ನೋಡಿ. ಮನೆಯಲ್ಲಿ ನೂರು ಡಿಗ್ರಿ ದಾಟಿದರೆ ಒಂದು ಮಾತ್ರೆ ನುಂಗಿ ಮಲಗುತ್ತೇವೆ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ 500ಕ್ಕಿಂತ ಕೆಳಗಿಳಿದ ರೋಗಿಗೆ ಅದೇ ಜ್ವರ ಪ್ರಾಣಾಪಾಯದ ಗಂಟೆ. ಒಂದು ತಾಸಿನೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ನಡುರಾತ್ರಿ ಮೈ ಮುಟ್ಟಿ ನೋಡಿ ಥರ್ಮಾಮೀಟರ್ ಇಡುವವರು, ಕಲ್ಚರ್‌ಗೆ ರಕ್ತ ತೆಗೆಯುವವರು, ಡ್ಯೂಟಿ ಡಾಕ್ಟರಿಗೆ ಫೋನು ಮಾಡಿ ಔಷಧ ಶುರು ಮಾಡುವವರು ಸಿಸ್ಟರುಗಳೇ. ಡಿಸ್ಚಾರ್ಜ್ ದಿನ ಅವರು ಮನೆಯವರಿಗೆ ಹೇಳುವ ಮಾತೂ ಇದೇ: ‘100.4 ದಾಟಿದರೆ ಮಾತ್ರೆ ಕೊಟ್ಟು ಕಾಯಬೇಡಿ, ಹೊರಟು ಬನ್ನಿ.’ ಹಸಿ ತರಕಾರಿ ಬೇಡ, ಬೀದಿಬದಿಯ ಕತ್ತರಿಸಿದ ಹಣ್ಣು ಬೇಡ, ಬಿಸಿಬಿಸಿ ಅನ್ನ-ಸಾರು ಸಾಕು ಎಂಬುದನ್ನೂ ಅಷ್ಟೇ ಸಹನೆಯಿಂದ ಹೇಳುತ್ತಾರೆ. ಎದುರಿಗಿರುವ ತಾಯಿ ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ ನಾಲ್ಕು ಸಲವೂ ಉತ್ತರ ಸಿಗುತ್ತದೆ.

ಕೀಮೋ ಹಾಕುವ ಕೆಲಸದಲ್ಲಿ ಇಬ್ಬರು ಬೇಕು. ಒಬ್ಬರು ಓದುತ್ತಾರೆ, ಇನ್ನೊಬ್ಬರು ರೋಗಿಯ ಕೈಪಟ್ಟಿ, ಔಷಧ, ಪ್ರಮಾಣ, ಕೊಡುವ ದಾರಿ ಎಲ್ಲವನ್ನೂ ತಾಳೆ ನೋಡುತ್ತಾರೆ. ಈ ಎಚ್ಚರ ಯಾಕೆ ಎಂಬುದಕ್ಕೆ ವಿನ್‌ಕ್ರಿಸ್ಟೀನ್ ಒಂದೇ ಸಾಕು. ನಮ್ಮ ಮನೆಯಂಗಳದಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದ ಗಿಡದಿಂದ ಬಂದ ಔಷಧವದು. 1950ರ ದಶಕದಲ್ಲಿ ಕೆನಡಾದ ವಿಜ್ಞಾನಿಗಳು ಆ ಗಿಡದಲ್ಲಿ ಸಕ್ಕರೆ ಕಾಯಿಲೆಗೆ ಮದ್ದು ಹುಡುಕಲು ಹೋಗಿ, ಪ್ರಯೋಗದ ಪ್ರಾಣಿಗಳಲ್ಲಿ ಬಿಳಿ ರಕ್ತಕಣ ಕುಸಿಯುವುದನ್ನು ಕಂಡರು. ಹಾಗೆ ತೆರೆದ ದಾರಿಯಲ್ಲೇ ಮುಂದೆ ವಿನ್‌ಕ್ರಿಸ್ಟೀನ್ ಬಂತು. ಇಂದಿಗೂ ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆ ಅದಿಲ್ಲದೆ ನಡೆಯದು. ರಕ್ತನಾಳಕ್ಕೆ ಹೋದರೆ ಜೀವ ಉಳಿಸುವ ಆ ಔಷಧ ಕೈತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ಸಾವು ಹೆಚ್ಚುಕಡಿಮೆ ಖಚಿತ. ಅದೇ ಮಕ್ಕಳಿಗೆ ಬೆನ್ನಿನ ಮೂಲಕ ಕೊಡಬೇಕಾದ ಬೇರೆ ಔಷಧವೂ ಇರುವುದರಿಂದ ಗೊಂದಲದ ಭಯ ಸದಾ ಇದ್ದದ್ದೇ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿ, ವಿನ್‌ಕ್ರಿಸ್ಟೀನನ್ನು ಸಿರಿಂಜಿನಲ್ಲಿ ತುಂಬದೆ ಸಣ್ಣ ಡ್ರಿಪ್ ಚೀಲದಲ್ಲಿ ಬೆರೆಸಿ ಕೊಡಲು ಹೇಳಿತು. ಚೀಲವನ್ನು ಬೆನ್ನಿನ ಸೂಜಿಗೆ ಜೋಡಿಸಲು ಯಾರೂ ಮುಂದಾಗುವುದಿಲ್ಲ. ಇಷ್ಟು ಸರಳವಾದ ಉಪಾಯದ ಹಿಂದೆ ಎಷ್ಟು ಮಕ್ಕಳ ಸಾವಿನ ಪಾಠವಿದೆ ಎಂದು ನೆನೆದರೆ ಎದೆ ಭಾರವಾಗುತ್ತದೆ.

ಬೆನ್ನಿಗೆ ಕೊಡುವ ಔಷಧಗಳಲ್ಲಿ ಮೆಥೊಟ್ರೆಕ್ಸೇಟ್ ಮುಖ್ಯವಾದುದು. ಅದರ ಹಿಂದೆ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಪ್ರಗಡ ಸುಬ್ಬಾರಾವ್ ಇದ್ದಾರೆ. ಅಮೆರಿಕದ ಲೆಡರ್ಲೆ ಸಂಸ್ಥೆಯಲ್ಲಿ ಅವರ ತಂಡ ತಯಾರಿಸಿದ, ಅದೇ ಕುಲದ ಅಮಿನೊಪ್ಟೆರಿನ್‌ನಿಂದಲೇ ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ಲ್ಯುಕೇಮಿಯಾ ಇದ್ದ ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡದ್ದನ್ನು ಜಗತ್ತಿಗೆ ತೋರಿಸಿದ್ದು. ಅದೇ ವರ್ಷ ಸುಬ್ಬಾರಾವ್ ತೀರಿಕೊಂಡರು. ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ತಿಳಿದಿರಬೇಕಿತ್ತು.

ಲ್ಯಾಬಿನ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ. ಸೊಂಟದ ಹಿಂಬದಿಯ ಮೂಳೆಯಿಂದ ಡಾಕ್ಟರು ಮಜ್ಜೆ ಎಳೆಯುವಾಗ ಟೆಕ್ನೀಷಿಯನ್ ಗಾಜಿನ ಸ್ಲೈಡ್ ಹಿಡಿದು ಪಕ್ಕದಲ್ಲೇ ನಿಂತಿರುತ್ತಾರೆ. ಮಜ್ಜೆ ಬೇಗ ಹೆಪ್ಪುಗಟ್ಟುತ್ತದೆ, ಅಲ್ಲೇ ತೆಳ್ಳಗೆ ಹರಡಬೇಕು. ಸ್ಲೈಡ್ ದಪ್ಪವಾದರೆ ಎಷ್ಟು ದೊಡ್ಡ ಡಾಕ್ಟರಾದರೂ ಏನೂ ಓದಲಾರರು. ಎ.ಪಿ.ಎಲ್. ಎಂಬ ಒಂದು ಬಗೆಯ ಲ್ಯುಕೇಮಿಯಾ ಇದೆ. ಸೂಜಿಯಂಥ ಕಡ್ಡಿಗಳ ಕಂತೆ ತುಂಬಿದ ಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡವರು ಬೆಳಗಾಗಲಿ ಎಂದು ಕಾಯುವುದಿಲ್ಲ, ಕೂಡಲೇ ವಾರ್ಡಿಗೆ ಫೋನು ಮಾಡುತ್ತಾರೆ. ಈ ಕಾಯಿಲೆಯಲ್ಲಿ ಮಿದುಳಿನ ರಕ್ತಸ್ರಾವದಿಂದ ಮೊದಲ ದಿನಗಳಲ್ಲೇ ಜೀವ ಹೋಗಬಹುದು. ಹಾಗಾಗಿ ಜೀನ್ ಪರೀಕ್ಷೆಯ ವರದಿಗೆ ಕಾಯದೆ, ಸಂಶಯ ಬಂದ ರಾತ್ರಿಯೇ ವಿಟಮಿನ್ ಎ ಕುಲದ ಒಂದು ಮಾತ್ರೆ ಶುರುವಾಗಬೇಕು. ಆ ದಿನಗಳನ್ನು ದಾಟಿದವರಲ್ಲಿ ಬಹುಪಾಲು ಜನ ಪೂರ್ತಿ ಗುಣವಾಗುತ್ತಾರೆ. ಅದೂ ಆರ್ಸೆನಿಕ್‌ನಿಂದ, ಹಳೆಯ ಕಾಲದ ಪಾಷಾಣದಿಂದ! ಒಂದು ಫೋನ್ ಕರೆಗೆ ಇಷ್ಟು ಬೆಲೆಯಿರುವ ಕೆಲಸ ಜಗತ್ತಿನಲ್ಲಿ ಎಷ್ಟಿವೆ?

ಮಜ್ಜೆ ಕಸಿಯ ಘಟಕಕ್ಕೆ ಎಲ್ಲರಿಗೂ ಪ್ರವೇಶವಿಲ್ಲ. ಗಾಳಿ ಹೆಪಾ ಫಿಲ್ಟರಿನಲ್ಲಿ ಸೋಸಿ ಬರುತ್ತದೆ, ಬಾಗಿಲು ತೆರೆದರೆ ಒಳಗಿನ ಗಾಳಿ ಹೊರಗೆ ನುಗ್ಗಬೇಕೇ ಹೊರತು ಹೊರಗಿನದು ಒಳಗೆ ಬರಕೂಡದು. ಭಾರತದಲ್ಲಿ ಮಜ್ಜೆ ಕಸಿ ಮೊದಲು ನಡೆದದ್ದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ, 1983ರಲ್ಲಿ. ಒಂಬತ್ತು ವರ್ಷದ ಹುಡುಗಿಗೆ ಸಹೋದರನ ಮಜ್ಜೆ ಕೊಟ್ಟರು. ಮುಂದಾಳಾಗಿದ್ದವರು ಬಾಲ್ಯದಲ್ಲೇ ಪೋಲಿಯೊ ತಗುಲಿ ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಡಾ. ಸುರೇಶ್ ಅಡ್ವಾಣಿ. 1986ರಲ್ಲಿ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಡಾ. ಮಾಮ್ಮೆನ್ ಚಾಂಡಿಯವರು ಕಸಿ ಆರಂಭಿಸಿದ ಮೇಲೆ ಕರ್ನಾಟಕದ ಥಲಸ್ಸೇಮಿಯಾ ಮಕ್ಕಳ ತಂದೆತಾಯಿಗಳಿಗೂ ವೆಲ್ಲೂರಿನ ರೈಲು ಪರಿಚಿತವಾಯಿತು. ಈಗ ಬೆಂಗಳೂರಿನಲ್ಲೇ ಹಲವು ಕಡೆ ಕಸಿ ನಡೆಯುತ್ತದೆ. ನೋಡಲು ಅದರಲ್ಲಿ ಆಪರೇಷನ್ನಿನ ಸಡಗರವೇನೂ ಇಲ್ಲ, ಚೀಲದ ರಕ್ತ ಏರಿಸಿದಂತೆಯೇ. ಕಷ್ಟ ಶುರುವಾಗುವುದು ಆಮೇಲೆ. ಹೊಸ ಮಜ್ಜೆ ಚಿಗುರುವ ತನಕ ಬಾಯಿ ಹುಣ್ಣಾಗಿ ನೀರು ನುಂಗಲಾಗದವರ ಜೊತೆ ಹಗಲು-ರಾತ್ರಿ ಇರುವವರು ಆ ಘಟಕದ ಸಿಸ್ಟರುಗಳು.

ಇನ್ನು ನಾನು ಅತಿ ಮುಖ್ಯವೆಂದುಕೊಂಡಿರುವ ಕೆಲಸಕ್ಕೆ ಬರುತ್ತೇನೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎ.ಎಲ್.ಎಲ್. ಎಂಬ ರಕ್ತಕ್ಯಾನ್ಸರಿನ ಚಿಕಿತ್ಸೆ ಸುಮಾರು ಎರಡೂವರೆ ವರ್ಷ ನಡೆಯುತ್ತದೆ. ಮೊದಲ ತಿಂಗಳುಗಳು ಆಸ್ಪತ್ರೆಯಲ್ಲಿ, ಆಮೇಲೆ ಹೆಚ್ಚಿನದೆಲ್ಲ ಮನೆಯಲ್ಲಿ ನುಂಗುವ ಮಾತ್ರೆ. ಅಷ್ಟರಲ್ಲಿ ಮಗುವಿನ ತಲೆಗೂದಲು ಮರಳಿ ಬಂದಿರುತ್ತದೆ, ಕೆನ್ನೆ ತುಂಬಿಕೊಂಡಿರುತ್ತದೆ, ಶಾಲೆಗೆ ಹೋಗುತ್ತೇನೆಂದು ಹಟ ಹಿಡಿದಿರುತ್ತದೆ. ಊರಲ್ಲಿ ಬಿತ್ತನೆ ಶುರುವಾಗಿರುತ್ತದೆ. ಬೆಂಗಳೂರಿಗೆ ಹೋಗಿಬಂದರೆ ಮೂರು ದಿನದ ಕೂಲಿ ಹೋಯಿತು. ‘ಮಗು ಚೆನ್ನಾಗಿದೆಯಲ್ಲ, ಇನ್ಯಾಕೆ’ ಎಂದು ಮನೆಯ ಹಿರಿಯರೊಬ್ಬರು ಅನ್ನುತ್ತಾರೆ. ಮಾತ್ರೆ ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಕಾಯಿಲೆ ಮರುಕಳಿಸಿದರೆ ಆಗ ಮೊದಲಿನಷ್ಟು ಸುಲಭವಾಗಿ ಬಗ್ಗುವುದಿಲ್ಲ. ಗುಣವಾಗಬಲ್ಲ ಮಕ್ಕಳು ಹೀಗೆ ಕೈತಪ್ಪಿ ಹೋಗುವುದು ಬಡ ದೇಶಗಳ ಕ್ಯಾನ್ಸರ್ ಆಸ್ಪತ್ರೆಗಳೆಲ್ಲವೂ ಬಲ್ಲ ಸಂಕಟ. ಇದರಲ್ಲಿ ತಂದೆತಾಯಿಗಳನ್ನು ದೂರುವುದು ನನಗೆ ಒಪ್ಪಿಗೆಯಿಲ್ಲ. ಉಳಿದ ಇಬ್ಬರು ಮಕ್ಕಳ ಹೊಟ್ಟೆಯನ್ನೂ ನೋಡಬೇಕಾದವರ ಲೆಕ್ಕ ಬೇರೆಯೇ ಇರುತ್ತದೆ.

ಇಲ್ಲಿ ನಿಲ್ಲುವವರು ಸಮಾಜ ಕಾರ್ಯಕರ್ತರು, ಆಪ್ತ ಸಮಾಲೋಚಕರು. ಬರಬೇಕಾದ ದಿನ ಮಗು ಬರಲಿಲ್ಲವೆಂದರೆ ಫೋನು ಮಾಡುತ್ತಾರೆ. ಫೋನು ಹತ್ತದಿದ್ದರೆ ಊರಿನ ಆಶಾ ಕಾರ್ಯಕರ್ತೆಯನ್ನೋ ಪಕ್ಕದ ಮನೆಯವರನ್ನೋ ಹುಡುಕುತ್ತಾರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗೆ ರೇಷನ್ ಕಾರ್ಡಿನ ಹೆಸರೂ ಆಧಾರ್ ಹೆಸರೂ ಹೊಂದದಿದ್ದರೆ ಸರಿಮಾಡಿಸಲು ದಾರಿ ಹೇಳುತ್ತಾರೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಬರುವವರಿಗೂ ಇರುವ ರೈಲ್ವೆ ರಿಯಾಯಿತಿಯ ಫಾರಂ ತುಂಬಿಕೊಡುತ್ತಾರೆ, ಧರ್ಮಶಾಲೆಯಲ್ಲಿ ಜಾಗ ಕೇಳುತ್ತಾರೆ. ಕನ್ನಡ, ತೆಲುಗು, ಉರ್ದು, ತಮಿಳು ನಾಲ್ಕರಲ್ಲೂ ಸಮಾಧಾನ ಹೇಳಬಲ್ಲವರು ಇವರಲ್ಲಿದ್ದಾರೆ. ಎರಡೂವರೆ ವರ್ಷ ಒಂದು ಕುಟುಂಬವನ್ನು ಹೀಗೆ ಕೈಬಿಡದೆ ಹಿಡಿದಿಟ್ಟುಕೊಳ್ಳುವುದು ಯಾವ ಕೀಮೋಗೂ ಕಡಿಮೆಯಾದ ಚಿಕಿತ್ಸೆಯಲ್ಲ. ಆದರೂ ಹೊಸ ಯಂತ್ರಕ್ಕೆ ಹಣ ಸಿಗುವಷ್ಟು ಸಲೀಸಾಗಿ ಇಂಥ ಹುದ್ದೆಗಳಿಗೆ ಸಿಗುವುದಿಲ್ಲ. ಇದು ಬದಲಾಗಲೇಬೇಕು.

ಎಲ್ಲರನ್ನೂ ದಾಟಿಸಲಾಗುವುದಿಲ್ಲ. ವರ್ಷಗಟ್ಟಲೆ ಹೆಸರು ಹಿಡಿದು ಕರೆದ ಮಗುವನ್ನು ಕಳೆದುಕೊಂಡ ಮರುದಿನವೂ ಅದೇ ಸಿಸ್ಟರ್ ಮುಂದಿನ ಹಾಸಿಗೆಯ ಮಗುವಿಗೆ ನಗುತ್ತಲೇ ಸೂಜಿ ಚುಚ್ಚಬೇಕು. ಔಷಧ ಇನ್ನು ಫಲಿಸದು ಎಂದಾದವರನ್ನು ನೋವಿಲ್ಲದೆ ಇರಿಸುವ ಆರೈಕೆಯೂ ಈ ವೃತ್ತಿಯ ಭಾಗವೇ. ಬೆಂಗಳೂರಿನ ಕರುಣಾಶ್ರಯ ಆ ಸೇವೆಯನ್ನು 1999ರಿಂದ ಉಚಿತವಾಗಿ ನೀಡುತ್ತಿದೆ.

ಕಡೆಗೆ ರಕ್ತನಿಧಿ. ಕೆಂಪು ಕಣಗಳನ್ನು ಫ್ರಿಜ್ಜಿನಲ್ಲಿ ಐದಾರು ವಾರ ಇಡಬಹುದು. ಪ್ಲೇಟ್‌ಲೆಟ್‌ನ ಆಯುಸ್ಸು ಐದೇ ದಿನ, ಅದೂ 20ರಿಂದ 24 ಡಿಗ್ರಿಯಲ್ಲಿ, ತಟ್ಟೆಗಳು ಸದಾ ಅಲುಗಾಡುತ್ತಿರುವ ಯಂತ್ರದಲ್ಲಿ. ಹಾಗಾಗಿ ಕೂಡಿಡುವ ಮಾತೇ ಇಲ್ಲ. ಕಾಲೇಜುಗಳಿಗೆ ರಜೆ ಬಿದ್ದು ಶಿಬಿರಗಳು ನಿಲ್ಲುವ ಏಪ್ರಿಲ್-ಮೇನಲ್ಲಿ, ಸಾಲು ಹಬ್ಬಗಳ ದಿನಗಳಲ್ಲಿ ಇಲ್ಲಿನ ಸಿಬ್ಬಂದಿ ದಾನಿಗಳ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಕರೆ ಮಾಡುತ್ತಾ ಕೂರುತ್ತಾರೆ. ಯಂತ್ರಕ್ಕೆ ತೋಳು ಕೊಟ್ಟು ಒಂದೂವರೆ ತಾಸು ಮಲಗಿದರೆ ಪ್ಲೇಟ್‌ಲೆಟ್ ಮಾತ್ರ ತೆಗೆದುಕೊಂಡು ಉಳಿದ ರಕ್ತವನ್ನು ಹಿಂತಿರುಗಿಸುತ್ತಾರೆ. ರಕ್ತ ಕೊಟ್ಟವರು ಮತ್ತೆ ಕೊಡಲು ಮೂರು-ನಾಲ್ಕು ತಿಂಗಳು ಕಾಯಬೇಕು, ಪ್ಲೇಟ್‌ಲೆಟ್ ಕೊಟ್ಟವರು ಎರಡು ದಿನ ಬಿಟ್ಟು ಮತ್ತೆ ಕೊಡಬಹುದು. ನಿಮ್ಮ ಊರಿನ ದೊಡ್ಡಾಸ್ಪತ್ರೆಯ ರಕ್ತನಿಧಿಯಲ್ಲಿ ಈ ಯಂತ್ರ ಇದೆಯೇ ಎಂದು ವಿಚಾರಿಸಿ, ಇದ್ದರೆ ಪಟ್ಟಿಯಲ್ಲಿ ಹೆಸರು ಬರೆಸಿ. ಅವರು ಕರೆ ಮಾಡುತ್ತಾರೆ.