ಮರಿಗಳ ಲೆಕ್ಕ ಮತ್ತು ಕಾವೇರಿಯ ಮಹಶೀರ್

ದೊಡ್ಡ ಮತ್ಸ್ಯಾಲಯಗಳು ವರ್ಷಕ್ಕೊಮ್ಮೆ ತಮ್ಮ ಸಾಧನೆಗಳನ್ನು ಪ್ರಕಟಿಸುವುದುಂಟು: ಇಷ್ಟು ಪ್ರಭೇದಗಳನ್ನು ಸಾಕಿದೆವು, ಇಷ್ಟು ಮರಿಗಳು ಹುಟ್ಟಿದವು, ಇಷ್ಟನ್ನು ಹೊರಗೆ ಬಿಟ್ಟೆವು ಎಂದು. ಈ ಅಂಕಿಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆ? ಕಾವೇರಿಯ ಒಂದು ಮೀನನ್ನು ಎದುರಿಗಿಟ್ಟುಕೊಂಡು ನೋಡೋಣ.

ಮೊದಲು ಪಾಲನೆಯ ವಿಷಯ. ಶ್ರೀರಂಗಪಟ್ಟಣದ ಗಂಜಾಂನಲ್ಲಿ, ನಿಮಿಷಾಂಬ ದೇವಾಲಯದ ಬಳಿ ಹರಿಯುವ ಕಾವೇರಿಯ ನೀರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿದೆ ಎಂದುಕೊಳ್ಳಿ. ಸಮುದ್ರಮಟ್ಟದಲ್ಲಾದರೆ, ಗಾಳಿಯೊಡನೆ ಸಮತೋಲದಲ್ಲಿರುವ ಇಂಥ ಒಂದು ಲೀಟರ್ ಸಿಹಿನೀರಿನಲ್ಲಿ ಸುಮಾರು 7.6 ಮಿಲಿಗ್ರಾಂ ಆಕ್ಸಿಜನ್ ವಿಲೀನವಾಗಿರುತ್ತದೆ. ಗಂಜಾಂ ಸುಮಾರು 680 ಮೀಟರ್ ಎತ್ತರದಲ್ಲಿರುವುದರಿಂದ ವಾಯುಭಾರ ಶೇಕಡಾ 8ರಷ್ಟು ಕಡಿಮೆ. ಹೆನ್ರಿಯ ನಿಯಮದಂತೆ ಆಕ್ಸಿಜನ್ ಕೂಡ 7 ಮಿಲಿಗ್ರಾಂಗೆ ಇಳಿಯುತ್ತದೆ. ಅಲ್ಲಿಯದೇ ಒಂದು ಲೀಟರ್ ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಇದೆ! ನೀರು ಬಿಸಿಯಾದಂತೆ ಅದರಲ್ಲಿ ಆಕ್ಸಿಜನ್ ಕಡಿಮೆಯಾಗುತ್ತದೆ, ಮೀನಿನ ಬೇಡಿಕೆಯೋ ಏರುತ್ತದೆ.

ಹೊಳೆಯಲ್ಲಿ ಬಂಡೆಗೆ ಬಡಿದು ಚಿಮ್ಮುವ ನೀರು ಆಕ್ಸಿಜನ್ನನ್ನು ಬೇಗ ಹೀರಿಕೊಳ್ಳುತ್ತದೆ. ಗಾಜಿನ ತೊಟ್ಟಿಯ ನಿಶ್ಚಲ ನೀರಿನಲ್ಲಿ ಹಾಗಾಗದು, ಏಕೆಂದರೆ ನೀರಿನಲ್ಲಿ ಆಕ್ಸಿಜನ್ನಿನ ವಿಸರಣೆ ಗಾಳಿಯಲ್ಲಿರುವುದಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿ 1983ರಲ್ಲಿ ತೆರೆದ ಸರ್ಕಾರಿ ಮತ್ಸ್ಯಾಲಯವನ್ನು ನೋಡಿದವರಿಗೆ ತೊಟ್ಟಿಗಳಲ್ಲಿ ಏಳುವ ಗುಳ್ಳೆಗಳ ನೆನಪಿರಬಹುದು. ಆ ಗುಳ್ಳೆಗಳೇ ಮೀನಿಗೆ ಉಸಿರು ಎಂದು ವಿದ್ಯಾರ್ಥಿಗಳು ಹೇಳುತ್ತಾರೆ. ಸಣ್ಣ ತೊಟ್ಟಿಯಲ್ಲಿ ಅವುಗಳ ಮುಖ್ಯ ಕೆಲಸ ತಳದ ನೀರನ್ನು ಮೇಲಕ್ಕೆತ್ತಿ ಗಾಳಿಗೆ ಒಡ್ಡುವುದು. ಇದರ ಜೊತೆಗೆ ಕಿವಿರುಗಳಿಂದ ಹೊರಬರುವ ವಿಷಕಾರಿ ಅಮೋನಿಯಾವನ್ನು ನೈಟ್ರೈಟ್, ಅನಂತರ ನೈಟ್ರೇಟ್ ಆಗಿಸುವ ಬ್ಯಾಕ್ಟೀರಿಯಾಗಳೂ ಶೋಧಕದಲ್ಲಿ ನೆಲೆಗೊಳ್ಳಬೇಕು. ಇದಕ್ಕೆ ಅವೂ ಆಕ್ಸಿಜನ್ ಬಳಸುತ್ತವೆ.

ಇಷ್ಟೆಲ್ಲ ಸರಿಯಿದ್ದರೆ ಮೀನು ಬದುಕುತ್ತದೆ. ಆದರೆ ಸಂರಕ್ಷಣೆ ಬೇರೆಯೇ ಪ್ರಶ್ನೆ.

ಕಾವೇರಿ ಜಲಾನಯನಕ್ಕೆ ಸೀಮಿತವಾದ ಡುಬ್ಬದ ಮಹಶೀರ್ ಲೋಕಪ್ರಸಿದ್ಧ ಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. 1970ರ ದಶಕದಿಂದ ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಸಂಸ್ಥೆ ಮಹಶೀರ್‌ಗಳ ಕೃತಕ ಸಂವರ್ಧನೆ ನಡೆಸಿತು. ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ಬೆಳೆದದ್ದು ನೀಲಿ ರೆಕ್ಕೆಯ ಟಾರ್ ಖುದ್ರಿ. ಅದರ ಮರಿಗಳನ್ನು ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಂದವು. ತಾಂತ್ರಿಕವಾಗಿ ಇದು ಅಪ್ಪಟ ಯಶಸ್ಸು.

ಗಂಜಾಂನಿಂದ ಕೆಳಗೆ, ಗಾಳಿಬೋರೆ ಪ್ರದೇಶದಲ್ಲಿ ಗಾಳ ಹಾಕಿ ಹಿಡಿದು ಮತ್ತೆ ಬಿಡುವವರ 1998ರಿಂದ 2012ರವರೆಗಿನ ದಾಖಲೆಗಳನ್ನು ಸಂಶೋಧಕರು ಪರಿಶೀಲಿಸಿದರು. ನೀಲಿ ರೆಕ್ಕೆಯವು ಹೆಚ್ಚಿದ್ದವು; ಡುಬ್ಬದ ಮಹಶೀರ್ ಬಹುತೇಕ ಕಾಣೆಯಾಗಿತ್ತು. ಎರಡನ್ನೂ ‘ಮಹಶೀರ್’ ಎಂದು ಒಟ್ಟಾಗಿ ಎಣಿಸಿದ್ದರೆ ಕಾವೇರಿ ಸಮೃದ್ಧವೆಂದೇ ತೋರುತ್ತಿತ್ತು! ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದಿನ ಬೇಟೆ ಇವೂ ಕಾರಣಗಳೇ. ಆದರೆ ಹೊರಗಿನ ಪ್ರಭೇದದ ಪೈಪೋಟಿಯನ್ನು ಕಡೆಗಣಿಸುವಂತಿಲ್ಲ.

ಇನ್ನೊಂದು ಸೋಜಿಗ: ಇಷ್ಟು ಹೆಸರಾದ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ನದಿಯಿಂದ ವರ್ಣಿತವಾಗಿದ್ದ ಟಾರ್ ರೆಮಾದೇವಿಯೈ ಇದೇ ಎಂದು ದೇಹರಚನೆ ಮತ್ತು ಡಿಎನ್‌ಎ ಆಧಾರದಿಂದ ತೀರ್ಮಾನವಾದದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಪ್ರಭೇದಗಳ ಪಟ್ಟಿಗೆ ಸೇರಿತು. ಹೆಸರಿಲ್ಲದ ಮೀನಿಗೆ ಕಾನೂನಿನ ರಕ್ಷಣೆ ಕೇಳುವುದಾದರೂ ಹೇಗೆ?

ಈ ಮೀನನ್ನು ತೊಟ್ಟಿಯಲ್ಲಿ ಬೆಳೆಸುವವರು ನೀರಿನ ಉಷ್ಣತೆ, ಆಕ್ಸಿಜನ್ ಅಳೆಯುವ ಮುನ್ನವೇ ತಾಯಿತಂದೆ ಮೀನುಗಳ ರೆಕ್ಕೆಯ ಚೂರೊಂದನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು. ಅವು ಎಲ್ಲಿ ಸಿಕ್ಕಿದವು, ಎಷ್ಟು ಜೋಡಿಗಳಿಂದ ಮರಿಗಳು ಬಂದವು, ಬಿಟ್ಟ ಮೇಲೆ ಎಷ್ಟು ಉಳಿದು ತಾವೇ ಮೊಟ್ಟೆಯಿಟ್ಟವು ಎಂಬುದಕ್ಕೂ ವಾರ್ಷಿಕ ಪಟ್ಟಿಯಲ್ಲಿ ಒಂದೊಂದು ಅಂಕಣ ಬೇಕು.